ಎರಡು ನೇಮಕದ ಪತ್ರಗಳು

ಬೀದರಿನ ಗಾಂಧಿ ಗಂಜಿನಲ್ಲಿ ಬೆಳೆದವರಿಗೆ ವಿಮಾನದ ಸದ್ದು ಹೊಸದಲ್ಲ. ಊರಿಗೆ ಹೊಂದಿಕೊಂಡೇ ವಾಯುಸೇನೆಯ ತರಬೇತಿ ನೆಲೆಯಿದೆ. ಅಡತಿ ಅಂಗಡಿಗಳ ಮುಂದೆ ತೊಗರಿಯ ಚೀಲಗಳು ಇಳಿಯುತ್ತಿರುವಾಗ ತಲೆಯ ಮೇಲೆ ಜೆಟ್ ವಿಮಾನ ಹಾದುಹೋಗುತ್ತದೆ. ಚೀಲ ಹೊತ್ತ ಹಮಾಲರು ತಲೆಯೆತ್ತಿ ನೋಡುವುದಿಲ್ಲ, ಅವರಿಗೆ ರೂಢಿಯಾಗಿದೆ. ನೋಡುವವರು ಹುಡುಗರು. ಹಾಗೆ ನೋಡುತ್ತ ನಿಂತ ಹುಡುಗರಲ್ಲಿ ನಮ್ಮ ಅಣ್ಣನ ಮಗನೂ ಒಬ್ಬ.

ಅವನು ಸೇನೆಗೆ ಹೋಗಲಿಲ್ಲ. ನಾಗರಿಕ ವಿಮಾನ ನಡೆಸುವ ವಿದ್ಯೆ ಕಲಿತ. ಅಣ್ಣ ಹೊಲದ ಮೇಲೆ ಸಾಲ ಎತ್ತಿ ಹಣ ಹೊಂದಿಸಿದ. 200 ತಾಸಿನ ಹಾರಾಟ, ಪರೀಕ್ಷೆಗಳು, ವೈದ್ಯಕೀಯ ತಪಾಸಣೆ ಎಲ್ಲ ಮುಗಿದು ವಾಣಿಜ್ಯ ಪೈಲಟ್ ಲೈಸೆನ್ಸು ಕೈಗೆ ಬಂತು. ಆದರೆ ದೊಡ್ಡ ಕಂಪನಿಗಳಿಂದ ಕರೆ ಬರಲಿಲ್ಲ. ಒಂದೂವರೆ ವರ್ಷ ಕಾದ ಮೇಲೆ, ಒಂದೇ ವಾರದಲ್ಲಿ ಎರಡು ಸಣ್ಣ ಕಂಪನಿಗಳಿಂದ ನೇಮಕದ ಪತ್ರಗಳು ಬಂದವು. ಎರಡೂ ಬಾಡಿಗೆಗೆ ವಿಮಾನ ನಡೆಸುವ ಕಂಪನಿಗಳು; ಚಾರ್ಟರ್ ಎನ್ನುತ್ತಾರಲ್ಲ, ಅಂಥವು. ಹುಡುಗ ಎರಡೂ ಪತ್ರ ತಂದು ನನ್ನ ಗಾದಿಯ ಮೇಲಿಟ್ಟು, "ಕಾಕಾ, ಒಂದರಾಗ ಪಗಾರ ಒಂದೂವರೆ ಪಟ್ಟು ಹೆಚ್ಚದ, ಜೆಟ್ ವಿಮಾನ ಅದ. ಇನ್ನೊಂದು ಪಂಖಾದ ವಿಮಾನ, ಪಗಾರ ಕಡಿಮಿ. ಯಾವುದಕ್ಕ ಹೋಗಲಿ?" ಎಂದು ಕೇಳಿದ.

ನನಗೆ ಕಾಳಿನ ವ್ಯಾಪಾರ ಗೊತ್ತು, ವಿಮಾನ ಗೊತ್ತಿಲ್ಲ. ಆದರೆ ಮೇಲಿನ ಕಾಳು ನೋಡಿ ಚೀಲ ಕೊಳ್ಳಬಾರದು, ತಳದವರೆಗೆ ಕೈಹಾಕಿ ನೋಡಬೇಕು ಎಂಬುದು ಗಂಜಿನ ಮೊದಲ ಪಾಠ. ಆ ಪಾಠವನ್ನೇ ಹಿಡಿದುಕೊಂಡು, ಬಲ್ಲವರನ್ನು ವಿಚಾರಿಸಿ ಹುಡುಗನೊಡನೆ ನಾಲ್ಕು ದಿನ ಕುಳಿತೆ. ಹಾಗೆ ಕುಳಿತಾಗ ತಿಳಿದುದನ್ನು, ಮಕ್ಕಳನ್ನು ಈ ದಾರಿಗೆ ಕಳುಹಿಸುವ ಇತರ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ಸಣ್ಣದು ಎಂದ ಮಾತ್ರಕ್ಕೆ ಕೀಳಲ್ಲ, ದೊಡ್ಡದು ಎಂದ ಮಾತ್ರಕ್ಕೆ ಭದ್ರವಲ್ಲ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಬೆಂಗಳೂರಿನಲ್ಲಿ ಬಾಡಿಗೆಯ ಹೆಲಿಕಾಪ್ಟರ್ ಕಂಪನಿಯಿಂದ ಆರಂಭಿಸಿ, 2003ರಲ್ಲಿ ಏರ್ ಡೆಕ್ಕನ್ ಕಟ್ಟಿದರು. ಅದನ್ನು ಮುಂದೆ ಕೊಂಡ ಕಿಂಗ್‌ಫಿಷರ್ ಎಂಥ ವೈಭವದ್ದೆಂದು ಎಲ್ಲರೂ ಬಲ್ಲರು. ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಸಿ 2012ರ ಅಕ್ಟೋಬರಿನಲ್ಲಿ ಅದು ಹಾರಾಟ ನಿಲ್ಲಿಸಿತು. ನಮ್ಮ ಬೀದರಿನದೇ ಉದಾಹರಣೆ ಇದೆ. 2020ರ ಫೆಬ್ರುವರಿ 7ರಂದು ಟ್ರೂಜೆಟ್ ವಿಮಾನ ಇಲ್ಲಿಂದ ಬೆಂಗಳೂರಿಗೆ ಹಾರಿತು, ಊರೆಲ್ಲ ಸಂತೋಷಪಟ್ಟಿತು. ಎರಡೇ ವರ್ಷದಲ್ಲಿ ಆ ಕಂಪನಿಯ ಹಾರಾಟವೇ ನಿಂತಿತು. 2022ರಲ್ಲಿ ಸ್ಟಾರ್ ಏರ್ ಬಂತು. ನಡುವೆ ಅದೂ ನಿಂತು, 2025ರಲ್ಲಿ ಮತ್ತೆ ಆರಂಭವಾಯಿತು. ಆದುದರಿಂದ ಕಂಪನಿಯ ಹೆಸರನ್ನಲ್ಲ, ಅಲ್ಲಿ ಕೆಲಸ ಮಾಡುವವರಿಗೆ ಕಳೆದ ಆರು ತಿಂಗಳ ಪಗಾರ ಯಾವ ತಾರೀಖಿಗೆ ಸಿಕ್ಕಿತೆಂಬುದನ್ನು ಕೇಳಬೇಕು. ಈ ಪ್ರಶ್ನೆಯನ್ನು ಕಂಪನಿಯ ಮಾಲೀಕರಿಗಲ್ಲ, ಅಲ್ಲಿಯ ಪೈಲಟರಿಗೆ ಮತ್ತು ಮೆಕ್ಯಾನಿಕರಿಗೆ ಕೇಳಬೇಕು.

ಎರಡನೆಯದು ತಾಸಿನ ಲೆಕ್ಕ. ಹೊಸ ಪೈಲಟನಿಗೆ ಹಾರಾಟದ ತಾಸೇ ನಿಜವಾದ ಗಳಿಕೆ. ದೊಡ್ಡ ವಿಮಾನದ ನಾಯಕನಾಗಲು ಬೇಕಾಗುವ ಮೇಲಿನ ಲೈಸೆನ್ಸಿಗೆ ಒಟ್ಟು 1500 ತಾಸು ಹಾರಿರಬೇಕು. ನಮ್ಮ ಹುಡುಗನ ಬಳಿ ಇದ್ದುದು 200, ಉಳಿದದ್ದು 1300. ತಿಂಗಳಿಗೆ 25 ತಾಸು ಸಿಕ್ಕರೆ 52 ತಿಂಗಳು ಬೇಕು. 50 ತಾಸು ಸಿಕ್ಕರೆ 26 ತಿಂಗಳು ಸಾಕು. ಬಾಡಿಗೆ ವಿಮಾನಕ್ಕೆ ವೇಳಾಪಟ್ಟಿಯಿಲ್ಲ. ಗಿರಾಕಿ ಕರೆದ ದಿನ ಹಾರಾಟ, ಕರೆಯದ ದಿನ ಕಾಯುವುದು. ಚುನಾವಣೆಯಲ್ಲಿ ಬಿಡುವಿಲ್ಲ, ಉಳಿದ ದಿನಗಳಲ್ಲಿ ವಿಮಾನ ನೆರಳಲ್ಲಿ ನಿಂತಿರುತ್ತದೆ. ಅಲ್ಲದೆ ಒಂದು ವಿಮಾನಕ್ಕೆ ಐದು ಮಂದಿ ಹೊಸ ಪೈಲಟರನ್ನು ಇಟ್ಟುಕೊಂಡರೆ ಇರುವ ತಾಸೂ ಹಂಚಿಹೋಗುತ್ತದೆ. ಪಗಾರ ಎಷ್ಟೆಂದು ಕೇಳುವ ಮೊದಲು, ವಿಮಾನ ಎಷ್ಟು, ಪೈಲಟರು ಎಷ್ಟು, ಕಳೆದ ವರ್ಷ ಸೇರಿದವನು ಎಷ್ಟು ತಾಸು ಹಾರಿದ ಎಂದು ಕೇಳಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಕೆಲವು ಸಣ್ಣ ವಿಮಾನಗಳು ಒಬ್ಬನೇ ಪೈಲಟ್ ನಡೆಸಬಹುದೆಂಬ ಪ್ರಮಾಣಪತ್ರ ಪಡೆದಿರುತ್ತವೆ. ಅಂಥ ವಿಮಾನದಲ್ಲಿ ಸರಕಾರದ ನಿಯಮಕ್ಕಾಗಿ ಎರಡನೆಯವನು ಕುಳಿತರೆ, ಮೇಲಿನ ಲೈಸೆನ್ಸಿಗೆ ಆ ತಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಲೆಕ್ಕಕ್ಕೆ ಹಿಡಿಯಬಾರದೆಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸಾಮಾನ್ಯ ನಿಯಮ. ವಿಮಾನದಲ್ಲಿ ಇಬ್ಬರ ಸಜ್ಜಿಕೆಯಿದ್ದು, ಇಬ್ಬರ ಪದ್ಧತಿಯಲ್ಲೇ ನಡೆಸುತ್ತಿದ್ದರೆ ಆಯಾ ದೇಶದ ಅಧಿಕಾರಿಗಳು ಪೂರ್ತಿ ಲೆಕ್ಕ ಕೊಡಬಹುದು. ಆದುದರಿಂದ ತನಗೆ ಸಿಗುವ ವಿಮಾನದ ತಾಸು ಹೇಗೆ ಲೆಕ್ಕವಾಗುತ್ತದೆಂಬುದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ ವಿಚಾರಿಸಿ ಬರಹದಲ್ಲಿ ಪಡೆಯಬೇಕು. ಸಂದರ್ಶನದಲ್ಲಿ ಹೇಳಿದ ಮಾತು ಸಾಲದು.

ಮೂರನೆಯದು ಕರಾರು. ಪ್ರತಿಯೊಂದು ಬಗೆಯ ವಿಮಾನಕ್ಕೂ ಬೇರೆ ತರಬೇತಿ ಬೇಕು. ಅದಕ್ಕೆ ಹಲವು ಲಕ್ಷ ರೂಪಾಯಿ ತಗಲುತ್ತದೆ. ಜೆಟ್ ಕಂಪನಿಯವರು ಆ ಹಣವನ್ನು ಹುಡುಗನೇ ಮುಂಗಡವಾಗಿ ಕಟ್ಟಬೇಕು, ಮೂರು ವರ್ಷ ಬಿಟ್ಟುಹೋಗಬಾರದು ಎಂದಿದ್ದರು. ಹಣವೂ ನಮ್ಮದೇ, ಕಟ್ಟೂ ನಮಗೇ! ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ನೆನಪಾಯಿತು. ಇನ್ನೊಂದು ಕಂಪನಿಯವರು ತರಬೇತಿಯ ಖರ್ಚು ತಾವೇ ಹಾಕಿ, ಎರಡು ವರ್ಷದ ಕರಾರು ಕೇಳಿದ್ದರು. ತಿಂಗಳು ಕಳೆದಂತೆ ಹಿಂದಿರುಗಿಸಬೇಕಾದ ಮೊತ್ತ ಕಡಿಮೆಯಾಗುತ್ತ ಹೋಗುತ್ತಿತ್ತು. ಇದು ನ್ಯಾಯದ ಮಾತು. ಕರಾರು ಮುರಿದವನಿಂದ ಪತ್ರದಲ್ಲಿ ಬರೆದ ಮೊತ್ತವನ್ನೆಲ್ಲ ಕಣ್ಣುಮುಚ್ಚಿ ವಸೂಲು ಮಾಡುವಂತಿಲ್ಲ. ಆ ಮೊತ್ತವನ್ನು ಮೀರದಂತೆ, ಯುಕ್ತವಾದ ಪರಿಹಾರವನ್ನಷ್ಟೇ ಕೊಡಿಸಬೇಕೆಂದು 1872ರ ಕರಾರು ಕಾಯಿದೆಯ 74ನೆಯ ಕಲಮು ಹೇಳುತ್ತದೆ. ಆದರೆ ಕೋರ್ಟಿನ ಮೆಟ್ಟಿಲು ಹತ್ತಿ ಗೆಲ್ಲುವುದಕ್ಕಿಂತ, ಸಹಿ ಹಾಕುವ ಮುಂಚೆ ವಕೀಲರೊಬ್ಬರಿಗೆ ತೋರಿಸುವುದು ಅಗ್ಗ. ಕಂಪನಿಯೇ ಮುಚ್ಚಿದರೆ ಅಥವಾ ಪಗಾರ ನಿಲ್ಲಿಸಿದರೆ ಕರಾರು ಏನಾಗುತ್ತದೆಂಬುದೂ ಅದರಲ್ಲಿ ಬರೆದಿರಬೇಕು.

ಇಷ್ಟೆಲ್ಲ ನೋಡಿದರೂ ತಳದ ಕಾಳು ಇನ್ನೂ ಕೈಗೆ ಬಂದಿರಲಿಲ್ಲ. ಅದು ಬಂದದ್ದು, ವಿಮಾನ ನಡೆಸಿ ನಿವೃತ್ತರಾದ ಹಿರಿಯರೊಬ್ಬರನ್ನು ಕಂಡಾಗ. ಅವರು ಪಗಾರ ಕೇಳಲಿಲ್ಲ, ವಿಮಾನ ಕೇಳಲಿಲ್ಲ. "ಅಲ್ಲಿ ಯಾರಾದರೂ ಇವತ್ತು ಹಾರುವುದಿಲ್ಲ ಎಂದಿದ್ದಾರೆಯೇ? ಎಂದವರು ಈಗ ಎಲ್ಲಿದ್ದಾರೆ?" ಎಂದು ಕೇಳಿದರು.

ಈ ಪ್ರಶ್ನೆಯ ಭಾರವನ್ನು ನಾವು ತಿಳಿಯಬೇಕು. ಬಾಡಿಗೆ ವಿಮಾನದಲ್ಲಿ ಕೂರುವವರು ದೊಡ್ಡವರು: ಮಂತ್ರಿಗಳು, ಉದ್ಯಮಿಗಳು. ಅವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. 2001ರ ಸೆಪ್ಟೆಂಬರ್ 30ರಂದು ಮಾಧವರಾವ್ ಸಿಂಧಿಯಾ ಅವರು ಕಾನ್ಪುರದ ಸಭೆಗೆ ಹೊರಟ ಸಣ್ಣ ವಿಮಾನ ದಾರಿಯಲ್ಲೇ ಬಿತ್ತು. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿತ್ತು. ಎರಡೂ ದಿನ ಹವೆ ಕೆಟ್ಟಿತ್ತು. ಎರಡರಲ್ಲೂ ಯಾರೂ ಉಳಿಯಲಿಲ್ಲ. ಆ ಪೈಲಟರು ಏನು ಯೋಚಿಸಿದರೋ ನಾವು ಹೇಳಲಾರೆವು. ಅವರ ಮೇಲೆ ತಪ್ಪು ಹೊರಿಸುವುದೂ ನನ್ನ ಉದ್ದೇಶವಲ್ಲ. ಆದರೆ ಹಾರುವ ವಿಮಾನದ ವಿಷಯದಲ್ಲಿ ಕೊನೆಯ ಮಾತು ಅದರ ನಾಯಕನದೇ ಎಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಆ ಮಾತಿಗೆ ಬೆಲೆ ಬರುವುದು, ಅದನ್ನಾಡಿದವನ ಕೆಲಸ ಹೋಗದಿದ್ದಾಗ. ಸಾಲದ ಹೊರೆ ಹೊತ್ತು ಬಂದ ಇಪ್ಪತ್ತಮೂರರ ಹುಡುಗನಿಗೆ ಆ ಧೈರ್ಯ ತಾನಾಗಿ ಬಾರದು. ಕಂಪನಿ ಬೆನ್ನಿಗೆ ನಿಲ್ಲಬೇಕು.

ಹುಡುಗ ಎರಡೂ ಕಡೆ ಹೋಗಿ ಅದೇ ಪ್ರಶ್ನೆ ಕೇಳಿದ. ಜೆಟ್ ಕಂಪನಿಯ ವ್ಯವಸ್ಥಾಪಕರು ನಕ್ಕು, "ನಮ್ಮಲ್ಲಿ ಅಂಥ ಪ್ರಸಂಗ ಬಂದಿಲ್ಲ, ನಮ್ಮ ಗಿರಾಕಿಗಳಿಗೆ ಇಲ್ಲವೆಂದು ಹೇಳುವುದಿಲ್ಲ" ಎಂದರು. ಇನ್ನೊಂದು ಕಡೆ ಹಿರಿಯ ಪೈಲಟರು, ಕಳೆದ ಮಳೆಗಾಲದಲ್ಲಿ ಯಾವ ಯಾವ ಹಾರಾಟ ರದ್ದಾಯಿತು, ಯಾರು ರದ್ದು ಮಾಡಿದರು ಎಂದು ದಿನಚರಿ ತೆಗೆದು ತೋರಿಸಿದರು. ಅದರಲ್ಲೊಂದನ್ನು ರದ್ದು ಮಾಡಿಸಿದವನು ಸಹಪೈಲಟ್; ಅವನು ಅಲ್ಲೇ ಪಕ್ಕದ ಮೇಜಿನಲ್ಲಿ ಕುಳಿತಿದ್ದ.

ಹುಡುಗ ಕಡಿಮೆ ಪಗಾರದ ಕೆಲಸಕ್ಕೆ ಸೇರಿದ. ಅಣ್ಣನಿಗೆ ಮೊದಲು ಸಮಾಧಾನವಾಗಲಿಲ್ಲ. ಸಾಲದ ಕಂತು ಕಣ್ಣ ಮುಂದಿತ್ತು. ಕಂತು ತೀರಲು ಹೆಚ್ಚು ವರ್ಷ ಬೇಕೆಂಬುದು ನಿಜ. ಕಳೆದ ಆಷಾಢದಲ್ಲಿ ಒಂದು ಸಂಜೆ ಜೋರು ಮಳೆ ಹೊಡೆಯುತ್ತಿತ್ತು. ಅಂಗಡಿಯ ಮುಂದೆ ಚೀಲಗಳಿಗೆ ತಾಡಪಲ್ ಹೊದಿಸುತ್ತಿದ್ದಾಗ ಹುಡುಗನ ಫೋನು ಬಂತು. "ಕಾಕಾ, ಇವತ್ತ ಹಾರಲಿಲ್ಲ. ಸಾಹೇಬರು ಸಿಟ್ಟು ಮಾಡಿ ಕಾರ್‌ನಾಗ ಹೋದ್ರು" ಎಂದ. ಫೋನನ್ನು ಅಣ್ಣನ ಕೈಗೆ ಕೊಟ್ಟೆ. ಅಣ್ಣ, "ಊಟ ಮಾಡಿದಿ ಏನಪ್ಪ?" ಎಂದಷ್ಟೇ ಕೇಳಿದ. ಅಂದಿನಿಂದ ಅವನು ಪಗಾರದ ಮಾತು ಎತ್ತಿಲ್ಲ.

ನಿಮ್ಮ ಮನೆಗೂ ಇಂಥ ಪತ್ರ ಬಂದರೆ ತಾಸು, ಕರಾರು, ಪಗಾರ ಎಲ್ಲವನ್ನೂ ತೂಗಿ ನೋಡಿ. ಆದರೆ ಆ ಹಿರಿಯರ ಪ್ರಶ್ನೆಯನ್ನು ಕೇಳದೆ ಸಹಿ ಹಾಕಿಸಬೇಡಿ.