ಸಾರ್ವಜನಿಕ ಜೀವನದಲ್ಲಿ ನಮ್ಮ ಪ್ರೊಟೆಸ್ಟಂಟ್ ಸೋದರರು

(ಧರ್ಮಕೇಂದ್ರದ ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ದಢೇಸುಗೂರಿನ ಹೊಳೆದಂಡೆಯಲ್ಲಿ ನಿಂತರೆ ತುಂಗಭದ್ರೆಯ ಆಚೆಗೆ ಸಿರುಗುಪ್ಪದ ಸೀಮೆ. ಹಿಂದೆ ಈ ದಂಡೆ ನಿಜಾಮರದು, ಆ ದಂಡೆ ಮದರಾಸು ಪ್ರಾಂತ್ಯದ್ದು. ಈಚೆಗೆ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದ ಬೇರೂರಿದ ಕಥೋಲಿಕ ಸಭೆ. ಆಚೆಗೆ ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಶನ್ನಿನ ಪ್ರೊಟೆಸ್ಟಂಟರು. ಕುಡಿದ ನೀರು ಒಂದೇ ಆದರೂ ಎರಡು ಸಭೆಯವರು ಬಹುಕಾಲ ಅಪರಿಚಿತರಂತೆ ಬಾಳಿದರು. 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಐಕ್ಯದ ಕುರಿತು ಆದೇಶ ಹೊರಡಿಸಿದ ಮೇಲೆ ಆ ದೂರಕ್ಕೆ ನೆಪವುಳಿಯಲಿಲ್ಲ. ಆದುದರಿಂದ ನೂರು ತುಂಬಿದ ಈ ಶುಭದಿನದಲ್ಲಿ, ದೇಶದ ಆಡಳಿತದಲ್ಲಿ ದುಡಿದ ಪ್ರೊಟೆಸ್ಟಂಟ್ ಸೋದರ ಸೋದರಿಯರನ್ನು ನೆನೆಯುವುದು ಯುಕ್ತವೆಂದು ಭಾವಿಸಿದ್ದೇನೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಪಂಚಾಯತಿ ಚುನಾವಣೆ ಬಂದಾಗಲೆಲ್ಲ ನಮ್ಮ ಯುವಕರು, "ನಾವು ಎಷ್ಟು ಮನೆ? ನಮ್ಮನ್ನು ಯಾರು ಕೇಳುತ್ತಾರೆ?" ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. 2008ರ ಕ್ಷೇತ್ರ ವಿಂಗಡಣೆಯಲ್ಲಿ ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲಾಯಿತು. 1950ರ ರಾಷ್ಟ್ರಪತಿಗಳ ಆದೇಶದಂತೆ, ಕ್ರೈಸ್ತನಾದ ದಲಿತನು ಆ ಪಟ್ಟಿಯ ಹೊರಗೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ತೆರೆದ ಬಾಗಿಲು ನಮಗೆ ತೆರೆಯಲಿಲ್ಲ. ಈ ಅನ್ಯಾಯವನ್ನು ಕುರಿತು ನಾವು ಕೇಳುತ್ತಲೇ ಇರಬೇಕು. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂಡಬೇಕೆ?

ಇದಕ್ಕೆ ಉತ್ತರ ಹುಡುಕಲು ಸಂವಿಧಾನ ರಚನಾ ಸಭೆಗೆ ಹೋಗೋಣ. ಅದರ ಉಪಾಧ್ಯಕ್ಷರಾಗಿದ್ದ ಡಾ. ಹರೇಂದ್ರ ಕುಮಾರ ಮುಖರ್ಜಿಯವರು ಬಂಗಾಳದ ಪ್ರೊಟೆಸ್ಟಂಟರು. 1947ರ ಕರಡು ಏರ್ಪಾಟಿನಲ್ಲಿ ಕ್ರೈಸ್ತರಿಗೂ ಮೀಸಲು ಸ್ಥಾನಗಳಿದ್ದವು. 1949ರ ಮೇ ತಿಂಗಳಲ್ಲಿ, ಪರಿಶಿಷ್ಟ ಜಾತಿಗಳ ಹೊರತು ಉಳಿದ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲಾತಿ ಬೇಡವೆಂಬ ಗೊತ್ತುವಳಿಯನ್ನು ಸಲಹಾ ಸಮಿತಿಯಲ್ಲಿ ಮಂಡಿಸಿದವರು ಇದೇ ಮುಖರ್ಜಿಯವರು. ಅವರೊಡನೆ ದನಿಗೂಡಿಸಿದವರು ನಮ್ಮ ಮಂಗಳೂರಿನ ಕಥೋಲಿಕ ಗುರು, ಯೇಸುಸಭೆಯ ಜೆರೋಮ್ ಡಿಸೋಜರು. ನೆರೆಹೊರೆಯವರ ವಿಶ್ವಾಸವೇ ನಮ್ಮ ರಕ್ಷಣೆಯೆಂದು ಇಬ್ಬರೂ ನಂಬಿದರು. ಆ ನಂಬಿಕೆ ಪೂರ್ತಿ ಫಲಿಸಿತೇ ಎಂದು ಇಂದು ಕೇಳಬಹುದು. ಆದರೆ ಅದು ನಮ್ಮ ಹೆಗಲಿಗೆ ಹೊರಿಸಿದ ಹೊಣೆಯನ್ನು ಮರೆಯುವಂತಿಲ್ಲ. ಮುಖರ್ಜಿಯವರು 1951ರಿಂದ 1956ರಲ್ಲಿ ನಿಧನರಾಗುವವರೆಗೆ ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿದ್ದರು. ಅದೇ ಕಾಲದಲ್ಲಿ ಕೇಂದ್ರದ ಮೊದಲ ಆರೋಗ್ಯ ಸಚಿವೆಯಾಗಿದ್ದ ರಾಜಕುಮಾರಿ ಅಮೃತ್ ಕೌರ್ ಅವರೂ ಪ್ರೊಟೆಸ್ಟಂಟರೇ. ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆ ಅವರ ಶ್ರಮದ ಫಲ.

ಇನ್ನು ನಮ್ಮ ನಾಡಿನ ಸೊಸೆ ವಯೊಲೆಟ್ ಆಳ್ವರ ಕಥೆ. ಅವರು 1908ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದರು. ತಂದೆ ಲಕ್ಷ್ಮಣ ಹರಿಯವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಪಾದ್ರಿಗಳಲ್ಲೊಬ್ಬರು. ಹದಿನಾರರ ವಯಸ್ಸಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡರೂ ಓದು ಬಿಡದೆ ವಕೀಲೆಯಾದರು. 1937ರಲ್ಲಿ ಉಡುಪಿ ಸೀಮೆಯ ಕಥೋಲಿಕರಾದ ಜೋಕಿಮ್ ಆಳ್ವರ ಕೈಹಿಡಿದರು. 1943ರಲ್ಲಿ ಬ್ರಿಟಿಷರು ಬಂಧಿಸಿದಾಗ ಐದು ತಿಂಗಳ ಕೂಸನ್ನೆತ್ತಿಕೊಂಡೇ ಸೆರೆಮನೆಗೆ ನಡೆದರು. 1952ರಲ್ಲಿ ಪತಿ ಲೋಕಸಭೆಗೆ, ಪತ್ನಿ ರಾಜ್ಯಸಭೆಗೆ ಹೋದರು. ಸಂಸತ್ತನ್ನು ಸೇರಿದ ಮೊದಲ ದಂಪತಿಗಳು ಇವರೇ. 1957ರಲ್ಲಿ ವಯೊಲೆಟ್ ಅವರು ಗೃಹಖಾತೆಯ ಉಪಸಚಿವೆಯಾದರು. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾಗಿ, ಆ ಸಭೆಯ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆಯೆನಿಸಿದರು. 1969ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ಇಂದಿರಾ ಗಾಂಧಿಯವರ ಬೆಂಬಲ ದೊರೆಯಲಿಲ್ಲ. ನವೆಂಬರಿನಲ್ಲಿ ಪದವಿಗೆ ರಾಜೀನಾಮೆಯಿತ್ತ ಅವರು ಕೆಲವೇ ದಿನಗಳಲ್ಲಿ ತೀರಿಕೊಂಡರು. 2022ರಲ್ಲಿ ಅದೇ ಸ್ಥಾನಕ್ಕೆ ಸ್ಪರ್ಧಿಸಿ ಸೋತವರು ಅವರ ಸೊಸೆ ಮಾರ್ಗರೆಟ್ ಆಳ್ವ. ಒಂದೇ ಮನೆಯಲ್ಲಿ ಎರಡು ಸಭೆಗಳ ಪರಂಪರೆ ಕೂಡಿ ದೇಶಸೇವೆಗೆ ನಿಂತ ಪರಿಯನ್ನು ಗಮನಿಸಿರಿ.

ನಮ್ಮ ಕ್ಯಾಂಪುಗಳ ತೆಲುಗು ಬಂಧುಗಳಿಗೆ ಡಾ. ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಸರು ಹೊಸದೇನಲ್ಲ. ಪ್ರೊಟೆಸ್ಟಂಟ್ ಮನೆತನದ ಇವರು ವೈದ್ಯವಿದ್ಯೆ ಕಲಿತದ್ದು ನಮ್ಮ ಕಲಬುರಗಿಯಲ್ಲಿ, ಮಹಾದೇವಪ್ಪ ರಾಂಪೂರೆ ಕಾಲೇಜಿನಲ್ಲಿ. ಬಳಿಕ ಜಮ್ಮಲಮಡುಗಿನ ಮಿಶನ್ ಆಸ್ಪತ್ರೆಯಲ್ಲಿ ದುಡಿದು, 1978ರಲ್ಲಿ ಪುಲಿವೆಂದುಲದಿಂದ ಶಾಸಕರಾದರು. 2004ರಲ್ಲಿ ಆಂಧ್ರದ ಮುಖ್ಯಮಂತ್ರಿಯಾಗಿ, 2007ರಲ್ಲಿ ಆರೋಗ್ಯಶ್ರೀ ಯೋಜನೆಯ ಮೂಲಕ ಬಡವರ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಸರಕಾರವೇ ಭರಿಸುವಂತೆ ಮಾಡಿದರು. ಅವರ ಆಡಳಿತದ ಮೇಲೆ ಭ್ರಷ್ಟಾಚಾರದ ಆರೋಪಗಳೂ ಬಂದವು; ಅದನ್ನು ಮರೆಮಾಚುವುದು ಸಲ್ಲದು. 2009ರ ಸೆಪ್ಟೆಂಬರ್ 2ರಂದು ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದರು. ರೋಗಿಯ ಹಾಸಿಗೆಯ ಬಳಿ ಕಂಡ ಬಡತನವೇ ಅವರ ಯೋಜನೆಗೆ ಪ್ರೇರಣೆಯಾಗಿರಬೇಕೆಂದು ನನ್ನ ಎಣಿಕೆ.

ಈ ಹಿರಿಯರಲ್ಲಿ ಯಾರೂ ಕ್ರೈಸ್ತರ ಮತಗಳನ್ನಷ್ಟೇ ನಂಬಿ ಮೇಲೆ ಬಂದವರಲ್ಲ. ಕ್ರೈಸ್ತರಿಗಾಗಿ ಮಾತ್ರ ದುಡಿದವರೂ ಅಲ್ಲ. ದೇವಾಲಯ ಅವರಿಗೆ ನೀಡಿದ್ದು ಶಿಕ್ಷಣ, ಶಿಸ್ತು, ಬಡವರ ಕಾಳಜಿ. ಮತ ನೀಡಿದವರು ಊರಿನ ಎಲ್ಲ ಜನರು.

ಯುವಕರೇ, ಯುವತಿಯರೇ, ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿರಿ. ಗ್ರಾಮಸಭೆಗೆ ಹೋಗಿರಿ. ಎಡದಂಡೆ ಕಾಲುವೆಯ ಕೊನೆಭಾಗದ ರೈತನ ಹೊಲಕ್ಕೆ ನೀರು ಮುಟ್ಟದಿದ್ದರೆ, ಅವನ ಜಾತಿಮತ ಕೇಳದೆ ಅವನ ಪರವಾಗಿ ಮಾತನಾಡಿರಿ. ಹಾಗೆ ಮಾತನಾಡಿದವರನ್ನು ಊರು ಮರೆಯುವುದಿಲ್ಲ. ಸಾಮಾನ್ಯ ಸ್ಥಾನಕ್ಕೆ ನಿಂತು ಸೋತರೂ ನಾಚಬೇಡಿರಿ. ಬೇರೆ ಸಭೆಯ ಸೋದರ ನಿಂತರೆ ಅವನ ಯೋಗ್ಯತೆಯನ್ನು ತೂಗಿರಿ, ಸಭೆಯನ್ನಲ್ಲ.

ನಮ್ಮ ಹಿರಿಯರು ನೂರು ವರ್ಷ ಈ ದೀಪವನ್ನು ಕಾಯ್ದರು. ಅದರ ಬೆಳಕು ದೇವಾಲಯದ ಹೊಸ್ತಿಲು ದಾಟಿ ಊರ ಬೀದಿಗೂ ಬೀಳಲೆಂದು ಪ್ರಭುವನ್ನು ಪ್ರಾರ್ಥಿಸುತ್ತೇನೆ.