ಅಂಬಿಗನ ಅಂಕಿತ

(ಬಂಟ್ವಾಳದ ಸಭೆಯಲ್ಲಿ ಮಾಡಿದ ಉಪದೇಶ)



ಬೆಳ್ತಂಗಡಿಯಿಂದ, ಮೂಡಬಿದಿರೆಯಿಂದ ಇಷ್ಟೊಂದು ಮಂದಿ ಮಳೆಯಲ್ಲಿಯೇ ಬಂದು ಕುಳಿತಿದ್ದೀರಿ. ಆ ಎರಡು ಊರುಗಳಿಗೂ ರೈಲಿಲ್ಲ. ರೈಲು ಇರುವುದು ಇಲ್ಲಿ ಬಂಟ್ವಾಳದಲ್ಲಿ, ಬಿ.ಸಿ. ರೋಡಿನ ಹತ್ತಿರ. ಇಂದು ಆ ರೈಲಿನ ಹಳಿಯ ಮೇಲೆ ನಡೆಯುವವರ ಮಾತನ್ನೂ, ಹಿಂದೆ ಯುದ್ಧಕಾಲದಲ್ಲಿ ಹಡಗು ಹತ್ತಿದವರ ಮಾತನ್ನೂ ಆಡಬೇಕೆಂದಿದ್ದೇವೆ.

ಕೆಲವು ದಿನಗಳ ಕೆಳಗೆ ಗೃಹಸ್ಥರೊಬ್ಬರು ಮಠಕ್ಕೆ ಬಂದಿದ್ದರು. ಮಗ ಪದವೀಧರ. ಪರೀಕ್ಷೆ ಬರೆದು ಹಳಿ ಕಾಯುವ ಕೆಲಸಕ್ಕೆ ಸೇರಿದ್ದಾನೆ. ತಂದೆ ಬಂಧುಗಳ ಮುಂದೆ "ಮಗ ರೈಲ್ವೆಯಲ್ಲಿದ್ದಾನೆ" ಎನ್ನುತ್ತಾರೆ. ಏನು ಕೆಲಸ ಎಂದು ಕೇಳಿದರೆ ಮಾತು ಮರೆಸುತ್ತಾರೆ. ಹೆಣ್ಣು ಕೊಡುವವರು ಹಿಂಜರಿದಾರು ಎಂಬ ಭಯ! ಆ ಹುಡುಗ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಅವನ ಅಂಗೈ ನೋಡಿದೆವು, ಬೊಬ್ಬೆಯೆದ್ದಿತ್ತು. ನಮಗೆ ಆಗ ಅಂಬಿಗರ ಚೌಡಯ್ಯನವರ ನೆನಪಾಯಿತು.

ಚೌಡಯ್ಯನವರು ದೋಣಿ ನಡೆಸುವವರು. ನೇತ್ರಾವತಿಯ ದಡದವರಾದ ನಿಮಗೆ ಆ ಕಾಯಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇತುವೆ ಆಗುವ ಮುನ್ನ ಈ ಬಂಟ್ವಾಳದ ವ್ಯಾಪಾರವೆಲ್ಲ ದೋಣಿಯ ಮೇಲೆಯೇ ಮಂಗಳೂರಿಗೆ ಹೋಗುತ್ತಿತ್ತು. ಶರಣರು ಬಹುಮಂದಿ ವಚನದ ಕೊನೆಗೆ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಚೌಡಯ್ಯನವರು ಮಾತ್ರ ದೇವರ ಹೆಸರು ಇರಬೇಕಾದ ಜಾಗದಲ್ಲಿ ತಮ್ಮ ಹೆಸರನ್ನೇ ಇಟ್ಟರು, ಅದೂ ಕಸುಬನ್ನು ಸೇರಿಸಿ. ಇದು ಅಹಂಕಾರವೆನ್ನುವಿರಾ? ನಮಗೆ ಹಾಗೆ ತೋರುವುದಿಲ್ಲ. ಜನ ಯಾವ ಮಾತಿನಿಂದ ತಮ್ಮನ್ನು ಕೀಳಾಗಿ ಕಾಣುತ್ತಿದ್ದರೋ ಅದೇ ಮಾತನ್ನು ಅವರು ಅಂಕಿತದ ಪೀಠಕ್ಕೆ ಏರಿಸಿದರು.

ಈಗ ಎಂಟು ಶತಮಾನ ದಾಟಿ ಬನ್ನಿ. 1939ರಲ್ಲಿ ಮಹಾಯುದ್ಧ ಆರಂಭವಾದಾಗ ಭಾರತದ ನೌಕಾದಳದಲ್ಲಿದ್ದವರು ಎರಡು ಸಾವಿರದೊಳಗೆ. ಯುದ್ಧ ಮುಗಿಯುವ ಹೊತ್ತಿಗೆ ಅದು ಇಪ್ಪತ್ತು ಸಾವಿರವನ್ನೂ ಮೀರಿತು. ಹಳ್ಳಿಯ ಹುಡುಗರು, ಸಮುದ್ರವನ್ನೇ ಕಾಣದವರು ಕೂಡ, ಹೊಟ್ಟೆಪಾಡಿಗೆ ಸೇರಿದರು. ಅವರು ಹೇಡಿಗಳಾಗಿರಲಿಲ್ಲ. 1942ರ ನವೆಂಬರ್ 11ರಂದು 'ಬೆಂಗಾಲ್' ಎಂಬ ಸಣ್ಣ ಹಡಗು, 'ಒಂಡಿನಾ' ಎಂಬ ಎಣ್ಣೆ ಹಡಗಿಗೆ ಕಾವಲಾಗಿ ಹೋಗುವಾಗ, ತನಗಿಂತ ಬಹಳ ದೊಡ್ಡವಾದ ಎರಡು ಜಪಾನೀ ಹಡಗುಗಳಿಗೆ ಎದುರು ನಿಂತಿತು. ಅವುಗಳಲ್ಲಿ ಒಂದು ಮುಳುಗಿತು.

ಇಂಥವರಿಗೆ ಸಂದ ಮರ್ಯಾದೆಯೇನು? ಮುಂಬಯಿಯಲ್ಲಿ 'ತಲವಾರ್' ಎಂಬ ತರಬೇತಿ ಠಾಣ್ಯ. ಅಲ್ಲಿಯ ಆಂಗ್ಲ ಅಧಿಕಾರಿ ನಾವಿಕರನ್ನು ಬೈದದ್ದು ಕೂಲಿಗಳ ಮಕ್ಕಳೆಂದು. ಬಡಿಸುತ್ತಿದ್ದ ಅನ್ನವೋ ಬಾಯಿಗಿಡುವಂತಿರಲಿಲ್ಲ. 1946ರ ಫೆಬ್ರವರಿ 18ರ ಬೆಳಿಗ್ಗೆ ಅವರು ಊಟ ಬಿಟ್ಟು ಎದ್ದರು. ಬಂದೂಕು ಎತ್ತಿ ಅಲ್ಲ, ತಟ್ಟೆ ಬಿಟ್ಟು ಆರಂಭಿಸಿದರು. ನಮ್ಮಲ್ಲಿ ಅನ್ನವನ್ನು ಪ್ರಸಾದವೆನ್ನುತ್ತೇವೆ. ಅವಮಾನದೊಡನೆ ಬಡಿಸಿದ್ದು ಪ್ರಸಾದವಾದೀತೆ? ಬಡಿಸುವವನ ಕಣ್ಣಿನಲ್ಲಿ ತಿರಸ್ಕಾರವಿದ್ದರೆ ಮೃಷ್ಟಾನ್ನವೂ ಗಂಟಲಲ್ಲಿ ಇಳಿಯದು. ಕೆಲವೇ ದಿನಗಳಲ್ಲಿ ಕರಾಚಿಯವರೆಗೆ ಅದು ಹಬ್ಬಿತು. 78 ಹಡಗುಗಳು, ಸುಮಾರು ಇಪ್ಪತ್ತು ಸಾವಿರ ನಾವಿಕರು. ಅವರಿಗಾಗಿ ಮುಂಬಯಿಯ ಗಿರಣಿಗಳ, ರೈಲ್ವೆ ಕಾರ್ಖಾನೆಗಳ ಕೆಲಸಗಾರರು ಕೆಲಸ ನಿಲ್ಲಿಸಿ ಬೀದಿಗಿಳಿದರು, ಗೋಲೀಬಾರಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಸಮುದ್ರದವನ ನೋವು ಹಳಿಯವನಿಗೆ ಅರ್ಥವಾಗಿತ್ತು, ನೋಡಿ! ಸರದಾರ ಪಟೇಲರ ಮಾತಿಗೆ ಮಣಿದು ನಾವಿಕರು 23ರಂದು ಶರಣಾದರು. ನೂರಾರು ಮಂದಿಯನ್ನು ಕೆಲಸದಿಂದ ತೆಗೆದರು. ಸ್ವಾತಂತ್ರ್ಯ ಬಂದ ಮೇಲೂ ನೌಕಾದಳ ಅವರನ್ನು ಮರಳಿ ಕರೆಯಲಿಲ್ಲ. ಅವರದೂ ಸ್ವಾತಂತ್ರ್ಯ ಹೋರಾಟವೆಂದು ಸರಕಾರ ಪಿಂಚಣಿಯ ಪಟ್ಟಿಗೆ ಸೇರಿಸುವ ಹೊತ್ತಿಗೆ ಹುಡುಗರು ಮುದುಕರಾಗಿದ್ದರು.

ಯುದ್ಧ ಮುಗಿದೊಡನೆ ದಳದಿಂದ ಬಿಡುಗಡೆಯಾದ ಉಳಿದವರ ಪಾಡೂ ಸುಲಭವಿರಲಿಲ್ಲ. ಊರಿಗೆ ಬಂದರೆ ಗದ್ದೆಯಿಲ್ಲ, ಕೈಯಲ್ಲಿ ಕಾಸಿಲ್ಲ. ಹಡಗಿನ ಬಾಯ್ಲರಿನ ಮುಂದೆ ಬೆಂದವನು ರೈಲಿನ ಎಂಜಿನ್ನಿನ ಮುಂದೆ ಬೇಯಲು ಹೋಗಬೇಕಾದ ಕಾಲ ಅದು.

ಇನ್ನು ನಮ್ಮ ಹಳಿಯ ವಿಷಯ. ಮಂಗಳೂರಿಗೆ 1907ರಲ್ಲಿಯೇ ರೈಲು ಬಂದಿತ್ತು, ಆದರೆ ಕೇರಳದ ಕಡೆಯಿಂದ. ಬಂಟ್ವಾಳದ ಮೇಲೆ ಹಾಸನಕ್ಕೆ ಹೋಗುವ ದಾರಿ ಪೂರ್ತಿಯಾದದ್ದು 1979ರಲ್ಲಿ. ಹಳಿ ಅಗಲ ಮಾಡಲೆಂದು 1996ರಲ್ಲಿ ನಿಂತ ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗಗಳು. ನಾವು ನೀವು ಕಿಟಕಿಯಲ್ಲಿ ಜಲಪಾತ ನೋಡಿ ಆನಂದಪಡುತ್ತೇವೆ. ಮಳೆಗಾಲದ ರಾತ್ರಿ ಅದೇ ಹಳಿಯ ಮೇಲೆ ಒಬ್ಬ ಕೈಯಲ್ಲಿ ದೀಪ ಹಿಡಿದು ನಡೆಯುತ್ತಿರುತ್ತಾನೆ. ಎಲ್ಲಿ ಮಣ್ಣು ಸಡಿಲವಾಗಿದೆ, ಎಲ್ಲಿ ಬಂಡೆ ಜಾರಿದೆ, ಎಲ್ಲಿ ಕೀಲು ಕಳಚಿದೆ ಎಂದು ನೋಡುವುದೇ ಅವನ ಜಪ. ಕಾಲಿಗೆ ಜಿಗಣೆ, ಕಾಡಿನಲ್ಲಿ ಆನೆ. ಅವನು ಒಂದು ರಾತ್ರಿ ಮೈಗಳ್ಳತನ ಮಾಡಿದರೆ ನಿದ್ದೆಯಲ್ಲಿರುವ ನೂರಾರು ಜನರ ಗತಿಯೇನು? ಅವನು ನೆಟ್ಟಗೆ ಕೆಲಸ ಮಾಡಿದರೆ ಮಾತ್ರ ಯಾರಿಗೂ ಅವನ ಸುಳಿವೇ ತಿಳಿಯುವುದಿಲ್ಲ.

2024ರ ಜುಲೈ 26ರಂದು ಯಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಗುಡ್ಡ ಕುಸಿಯಿತು. ಹಳಿಯ ಕೆಳಗಿನ ನೆಲವೇ ಜಾರಿಹೋಗಿತ್ತು. ನೂರಾರು ಕೆಲಸಗಾರರು ಸುರಿಯುವ ಮಳೆಯಲ್ಲಿ ಹಗಲಿರುಳು ಮರಳಿನ ಚೀಲ ಹೊತ್ತರು, ತಂತಿಬಲೆಯಲ್ಲಿ ಕಲ್ಲು ಕಟ್ಟಿ ಗೋಡೆ ಎಬ್ಬಿಸಿದರು. ಆಗಸ್ಟಿನಲ್ಲಿ ಗಾಡಿ ಮತ್ತೆ ಓಡಿತು. ಅವರಲ್ಲಿ ಒಬ್ಬನ ಹೆಸರಾದರೂ ನಿಮ್ಮಲ್ಲಿ ಯಾರಿಗಾದರೂ ಗೊತ್ತೆ? ಮೂಡಬಿದಿರೆಯವರಿಗೆ ಚೌಟರ ರಾಣಿ ಅಬ್ಬಕ್ಕನ ಹೆಸರು ಗೊತ್ತು, 2012ರಲ್ಲಿ ಕರಾವಳಿ ಕಾವಲುಪಡೆಯ ಹಡಗಿಗೆ ಆ ಹೆಸರಿಟ್ಟದ್ದೂ ಗೊತ್ತು. ಅದು ಸರಿಯೇ, ಸಂತೋಷವೇ. ರಾಣಿಯ ದೋಣಿಗೆ ಹುಟ್ಟು ಹಾಕಿದವರು ಯಾರು?

ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿದ್ದರೂ ಕೆಲಸ ಬಿಡಲಿಲ್ಲ, ಲಿಂಗವೇ ಅವರ ಹಿಂದೆ ಬಂತು ಎಂಬ ಕಥೆಯನ್ನು ಪುರಾಣದಲ್ಲಿ ಕೇಳಿ ತಲೆದೂಗುತ್ತೀರಿ. ಮನೆಯ ಹುಡುಗ ಸುತ್ತಿಗೆ ಹಿಡಿದರೆ ಮಾತ್ರ ನಾಚುತ್ತೀರಿ. ಹಾಗಿದ್ದ ಮೇಲೆ ಮಂಟಪದಲ್ಲಿ ಚಂದಯ್ಯನ ಪಟ ಏಕೆ? ಹೆಣ್ಣು ಕೊಡುವವರು ಕೇಳಿದರೆ ಹಳಿ ಕಾಯುತ್ತಾನೆ ಎಂದೇ ಹೇಳಿ. ಲಗ್ನಪತ್ರಿಕೆಯಲ್ಲಿ ಡಾಕ್ಟರು, ಇಂಜಿನಿಯರು ಎಂದು ಅಚ್ಚು ಹಾಕಿಸುವಂತೆ ಅದನ್ನೂ ಹಾಕಿಸಿ. ಅಂಥ ಪತ್ರಿಕೆ ಮಠಕ್ಕೆ ಬಂದ ದಿನ ನಾವೇ ಮದುವೆಗೆ ಬರುತ್ತೇವೆ.

ಹೊತ್ತಾಯಿತು. ಹಿಂದೆ ಬಾಗಿಲ ಬಳಿ ಐದಾರು ಜನ ರೈಲ್ವೆಯ ಗ್ಯಾಂಗಿನವರು ನಿಂತೇ ಕೇಳುತ್ತಿದ್ದಾರೆ. ಮೈ ಒದ್ದೆಯೆಂದು ಒಳಗೆ ಬರಲು ಸಂಕೋಚಪಟ್ಟಿದ್ದಾರೆ. ಅವರಿಗೆ ರಾತ್ರಿ ಪಾಳಿ ಇದೆ. ಯಾರಾದರೂ ಹೋಗಿ ಕೈಹಿಡಿದು ಕರೆತಂದು ಪಂಕ್ತಿಯಲ್ಲಿ ಕೂರಿಸಿ, ಬೇಗ ಬಡಿಸಿರಿ.