ಬೆಳಕಿಗೊಂದು ಮನೆ

ಹಳೆಯ ಹೆಂಚಿನ ಮನೆಯನ್ನು ಫೋಟೋ ಸ್ಟುಡಿಯೋ ಮಾಡಲು ಹೊರಟವರ ಕೈಯಲ್ಲಿ ಹಣ ಕಡಿಮೆ ಇರಬಹುದು. ಆದರೆ ಆ ಕಸುಬಿನ ಮೊದಲ ಬಂಡವಾಳವಾದ ಬೆಳಕು ಮನೆಯಲ್ಲೇ ಇದೆ.

ನಮ್ಮ ನಾಡಿನಲ್ಲಿ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದು ಕಡಿಮೆ. ಒಳಬರುವ ಬೆಳಕು ಮೃದು. ಬಿಸಿಲು ಬೀಳುವ ಕಿಟಕಿಗೆ ಬಿಳಿ ಪಂಚೆ ಕಟ್ಟಿದರಾಯಿತು. ಕತ್ತಲೆಯ ಮೂಲೆಗೆ ನಾಲ್ಕು ಗಾಜಿನ ಹೆಂಚು ಸಾಕು. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿಯುತ್ತದೆ. ಸುಣ್ಣ ಬಳಿದರೆ ಗೋಡೆ ಉಸಿರಾಡುತ್ತದೆ, ಬೆಳಕೂ ಹರಡುತ್ತದೆ. ಉಳಿದ ಹಣ ಮೊದಲು ಸೋರುವ ಮಾಡಿಗೆ, ಹಳೆಯ ವೈರಿಂಗಿಗೆ ಹೋಗಲಿ. ತೇವವಿದ್ದಲ್ಲಿ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ.

ಏನನ್ನಾದರೂ ಒಡೆಯುವ ಮುನ್ನ, ಬೆಳಗಿನಿಂದ ಸಂಜೆಯವರೆಗೆ ಆ ಮನೆಯಲ್ಲಿ ಕುಳಿತು ಬೆಳಕಿನ ದಾರಿ ನೋಡಬೇಕು. ಇರುವುದನ್ನು ಅರಿತವರು ಕೊಳ್ಳಬೇಕಾದದ್ದು ಕಡಿಮೆ. ಮನೆ ಕಟ್ಟುವುದಕ್ಕೂ ಬದುಕು ಕಟ್ಟುವುದಕ್ಕೂ ಈ ಮಾತು ಸಲ್ಲುತ್ತದೆ.